ಉಡಿಯಲ್ಲಿ ಬಿದ್ದದ್ದನ್ನು ಒಬ್ಬಳೇ ತಿನ್ನಬೇಕು

ಕಂಪ್ಲಿಯ ನನ್ನ ಗಂಡನ ಮನೆಯಲ್ಲಿ ನನಗೆ ತಿನ್ನಿಸದೆ ಬಿಟ್ಟ ಪದಾರ್ಥವೆಂದರೆ ಗೋಡೆಯ ಸುಣ್ಣ ಒಂದೇ ಎಂದು ನಾನು ತಮಾಷೆ ಮಾಡುವುದಿತ್ತು. ಆಮೇಲೆ ಯೋಚಿಸಿದರೆ ಅದೂ ಸುಳ್ಳು. ಒಂದು ಬೇಸಿಗೆ ಪೂರ್ತಿ ಸುಣ್ಣದ ತಿಳಿಯನ್ನು ಮಜ್ಜಿಗೆಗೆ ಹಾಕಿ ಕುಡಿಸಿದ್ದರು.

ನಾನು ಸಂಡೂರಿನ ಗುಡ್ಡದ ಕಡೆಯವಳು. ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು, ಅಜ್ಜಿ ಬೆಳೆಸಿದಳು. ಆಗ ಸಂಡೂರು ರಾಜರದು, ಕಂಪ್ಲಿ ಮದ್ರಾಸಿನವರದು. ಮದುವೆಯಾಗಿ ಬರುವಾಗ ಗಡಿಯ ಸುಂಕದ ಕಟ್ಟೆಯಲ್ಲಿ ನಮ್ಮ ಬಂಡಿ ನಿಲ್ಲಿಸಿ ಗಂಟುಮೂಟೆ ಬಿಚ್ಚಿಸಿ ನೋಡಿದ್ದರು, ಬೇರೆ ದೇಶಕ್ಕೇ ಹೊರಟೆನೇನೋ ಅನ್ನಿಸಿತ್ತು. ನೋಡಿದರೆ ದೇಶವೂ ಬೇರೆಯೇ. ಅಲ್ಲಿ ಕಾಲಿಗೆ ಮೆತ್ತಿದರೆ ಬಿಡದ ಕೆಂಪು ಮಣ್ಣು, ನವಣೆ ಅನ್ನ, ಹುರುಳಿ ಸಾರು. ಇಲ್ಲಿ ಹೊಳೆಯ ಕಾಲುವೆ, ಭತ್ತ, ಬಾಳೆ, ಕಬ್ಬು. ಗಂಡನ ಮನೆಯವರಿಗೆ ಸ್ವಂತ ಕಬ್ಬಿನ ಗಾಣವಿತ್ತು. ಚಳಿಗಾಲ ಬಂತೆಂದರೆ ನಮ್ಮ ಸೀರೆ, ಹಾಸಿಗೆ, ತಲೆಗೂದಲು ಎಲ್ಲಕ್ಕೂ ಬೆಲ್ಲದ ಪಾಕದ ವಾಸನೆ ಹತ್ತುತ್ತಿತ್ತು. ನನಗೆ ಆ ವಾಸನೆಯೆಂದರೆ ಪ್ರಾಣ.

ಮದುವೆಯಾಗಿ ಹಲವು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ. ಬೇರೆ ಮನೆಗಳಲ್ಲಿ ಇದಕ್ಕೆ ಸೊಸೆಯ ಗತಿ ಏನಾಗುತ್ತಿತ್ತೆಂದು ನೋಡಿದ್ದೇನೆ. ನನ್ನ ಅತ್ತೆ ಬೈಯಲಿಲ್ಲ, ಚುಚ್ಚಿ ಆಡಲಿಲ್ಲ. ಆಕೆಗೆ ಗೊತ್ತಿದ್ದ ಉಪಾಯ ಒಂದೇ, ತಿನ್ನಿಸುವುದು. ಒಡಲಿನಲ್ಲಿ ಉಷ್ಣ ಹೆಚ್ಚಾಗಿದೆ, ಅದಕ್ಕೇ ಕೂಸು ನಿಲ್ಲದೆ ತಿಂಗಳು ತಿಂಗಳು ಜಾರಿಹೋಗುತ್ತದೆ ಎಂದು ಆಕೆ ತೀರ್ಮಾನ ಮಾಡಿಬಿಟ್ಟಿದ್ದಳು. ಹಾಗಾಗಿ ತಂಪಿನದೆಲ್ಲ, ಜೊತೆಗೆ ಸೊಂಟಕ್ಕೆ ಬಲ ಕೊಡುವುದೆಲ್ಲ ನನ್ನ ಹೊಟ್ಟೆಗೆ. ಬೆಳಿಗ್ಗೆ ಎದ್ದರೆ ಕಲ್ಲುಸಕ್ಕರೆ ಹಾಲು, ಬಾಳೆಹಣ್ಣು. ಮಧ್ಯಾಹ್ನ ಅಳವಿ ಬೀಜದ ಪಾಯಸ. ಸಂಜೆ ತುಪ್ಪ ಸೋರುವ ಅಂಟಿನುಂಡಿ. ಊರಿಗೆ ಬಂದುಹೋದ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುವರು, ಆಕೆ ಯಾವುದನ್ನೂ ಬಿಡುತ್ತಿರಲಿಲ್ಲ.

ಹಂಪಿಯ ಕಡೆಯಿಂದ ಬೇರು ಮಾರುವವಳೊಬ್ಬಳು ಬುಟ್ಟಿ ಹೊತ್ತು ಬರುತ್ತಿದ್ದಳು. ಅವಳ ಬುಟ್ಟಿಯಲ್ಲಿ ಹಲವು ಮಕ್ಕಳ ತಾಯಿ ಬೇರು ಎಂಬುದೊಂದು ಇರುತ್ತಿತ್ತು. ಒಂದೇ ಬುಡಕ್ಕೆ ಬೆರಳು ಬೆರಳಾಗಿ ಗೆಡ್ಡೆ ಜೋತುಬಿದ್ದಿರುತ್ತವೆ. ಅತ್ತೆ ಅದನ್ನು ಕೊಳ್ಳದೆ ಬಿಟ್ಟಾಳೆಯೇ? ನನ್ನ ಬಾಯಿ ಸುಮ್ಮನಿರುವುದಲ್ಲ. ಈ ಹೆಸರು ಗೆಡ್ಡೆ ನೋಡಿ ಇಟ್ಟದ್ದೋ, ತಿಂದವರ ಮನೆ ನೋಡಿ ಇಟ್ಟದ್ದೋ ಎಂದು ಆ ಹೆಂಗಸನ್ನು ಕೇಳಿದೆ. ತಾನು ಮಾರುವವಳೇ ಹೊರತು ತಿಂದವಳಲ್ಲ, ತಿನ್ನದೆಯೇ ಮನೆ ತುಂಬ ಮಕ್ಕಳಿವೆ ಎಂದಳು. ಅತ್ತೆ ನನ್ನ ಕಡೆ ಕಣ್ಣು ಬಿಟ್ಟಳು. ಅಂದಿನಿಂದ ಆ ಬೇರಿನ ಪುಡಿ ಹಾಲಿನಲ್ಲಿ ಶುರುವಾಯಿತು.

ಎಲ್ಲಕ್ಕಿಂತ ದೊಡ್ಡ ಪೀಡೆ ಉಡಿಯದು. ನಮ್ಮಲ್ಲಿ ಮುತ್ತೈದೆಯರಿಗೆ ಉಡಿ ತುಂಬುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬಾಳೆಹಣ್ಣು, ಬೆಲ್ಲ ಹಾಕುತ್ತಾರೆ. ಮಕ್ಕಳಿಲ್ಲದವಳ ಉಡಿಗೆ ಎಲ್ಲರೂ ಒಂದು ಹಿಡಿ ಹೆಚ್ಚೇ ಹಾಕುವರು. ಉಡಿಯಲ್ಲಿ ಬಿದ್ದದ್ದನ್ನು ಅವಳೊಬ್ಬಳೇ ತಿನ್ನಬೇಕು. ಹಂಚಿದರೆ ಫಲವೂ ಹಂಚಿಹೋಗುತ್ತದೆಂದು ನಂಬಿಕೆ. ಮನೆಗೆ ಬಂದ ಮೇಲೆ ಆ ಅಕ್ಕಿಯಿಂದ ಪಾಯಸ ಮಾಡಿ, ನಾನು ತಿಂದು ಮುಗಿಸುವ ತನಕ ಅತ್ತೆ ಎದುರಿಗೇ ಕೂತಿರುತ್ತಿದ್ದಳು. ಬಳೆಗಾರ ಬಂದಾಗೆಲ್ಲ ನನಗೆ ಹಿಂದಿನದಕ್ಕಿಂತ ದೊಡ್ಡ ಅಳತೆಯ ಬಳೆ ಹುಡುಕುತ್ತಿದ್ದ. ಗದ್ದದ ಮೇಲೆ ಅಲ್ಲೊಂದು ಇಲ್ಲೊಂದು ಕೂದಲೂ ಮೂಡಿತು. ಅರಿಶಿನ ಸಾಲದು, ತಿಕ್ಕಿ ಹಚ್ಚು ಎಂದಳು ಅತ್ತೆ.

ಹೀಗಿರುವಾಗ ಒಂದು ವರ್ಷ ಗಾಣ ಶುರುವಾದ ಹೊತ್ತಿಗೆ ಎಮ್ಮಿಗನೂರಿನಿಂದ ಅತ್ತೆಯ ಅಣ್ಣ ಬಂದರು. ಅಣ್ಣ ತಂಗಿ ಪಡಸಾಲೆಯಲ್ಲಿ ತುಂಬ ಹೊತ್ತು ಮಾತಾಡಿದರು. ಅವರು ಹೋದ ಮೇಲೆ ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಹಿಂದಿನಿಂದ ಗುಟ್ಟು ಮಾಡುವ ಹೆಂಗಸು ಆಕೆಯಲ್ಲ.

"ನಿನ್ನ ಬಿಟ್ಟುಬಿಡಂಗಿಲ್ಲ ನಾವು. ನೀ ಮನಿ ಹಿರೇ ಸೊಸಿ, ಹಂಗ ಇರ್ತಿ. ಆದ್ರ ಮನಿಗೆ ಒಂದು ಕೂಸು ಬೇಕಲ್ಲವಾ. ಯುಗಾದಿ ಕಳದ ಮ್ಯಾಲ ನಮ್ಮಣ್ಣನ ಮಗಳನ್ನ ತರೋಣಂತ ಮಾತಾಗೈತಿ."

ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಹೆದರಿಕೆ. ಆ ಹುಡುಗಿ ನನಗೆ ಗೊತ್ತಿಲ್ಲದವಳಾಗಿದ್ದರೆ ಹೊಟ್ಟೆ ತುಂಬ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅವಳು ಹಬ್ಬಕ್ಕೆ ಬಂದಾಗೆಲ್ಲ ನನ್ನ ಬೆನ್ನಿಗೇ ಅಂಟಿಕೊಂಡಿರುತ್ತಿದ್ದಳು, ಅವಳ ಜಡೆ ಹೆಣೆದವಳು ನಾನೇ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಗಾಣದ ಎತ್ತುಗಳ ಜೊತೆ ಆಡುವಷ್ಟನ್ನೂ ಮನೆಯಲ್ಲಿ ಆಡುತ್ತಿರಲಿಲ್ಲ. ಹೇಗೆ ಮಾಡೋಣವೆಂದು ಕೇಳಿದರೆ ಅವ್ವ ಹೇಳಿದ ಹಾಗೆ ಎಂದು ತಲೆ ತಗ್ಗಿಸಿದರು. ಅವರ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಮ್ಮ ಹಿತ್ತಲಿಗೂ ಪಕ್ಕದ ಶಾನುಭೋಗರ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಆ ಮನೆಯ ಸೊಸೆ ನನ್ನ ಓರಗೆಯವಳು, ಎರಡು ಮಕ್ಕಳ ತಾಯಿ. ಆಗಾಗ ಅವಳು ದನದ ಕೊಟ್ಟಿಗೆಯ ಪಕ್ಕ ಗೋಣಿತಟ್ಟಿನ ಮೇಲೆ ಬೇರೆ ಚೊಂಬು ಬೇರೆ ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದಳು. ಅವರದು ಬ್ರಾಹ್ಮಣರ ಮನೆ, ಮುಟ್ಟಾದರೆ ಹೊರಗೆ ಕೂರಬೇಕು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ನಮಗೆ ಆ ಮೈಲಿಗೆ ಇಲ್ಲ. ಮೈ ತೊಳೆದು ವಿಭೂತಿ ಧರಿಸಿ ಲಿಂಗಪೂಜೆ ಮಾಡಿ ಒಲೆಯ ಮುಂದೆ ಕೂತರೆ ಆಯಿತು, ಯಾರೂ ಏನೂ ಕೇಳುವಂತಿಲ್ಲ, ಹೇಳುವಂತಿಲ್ಲ. ಇದು ನಮಗೆ ದೊಡ್ಡ ಹೆಮ್ಮೆ. ನನಗೂ ಇತ್ತು, ಈಗಲೂ ಇದೆ.

ಎರಡನೆಯ ಮದುವೆಯ ಮಾತು ಕೇಳಿದ ಆ ವಾರ ನಾನು ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದೆ. ಅವಳು ಗೋಣಿತಟ್ಟಿನ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಮೊನ್ನೆಯಷ್ಟೇ ಇವಳು ಹೀಗೆ ಕೂತಿದ್ದಳಲ್ಲ ಅನ್ನಿಸಿತು. ಗೋಡೆಯ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ನೀವು ಯಾಕ್ರಿ ಇಷ್ಟು ಸಲ ಹೊರಗ ಕುಂದ್ರತೀರಿ? ಮೈಯಾಗ ಏನಾರ ಬ್ಯಾನಿ ಐತೇನ್ರಿ?"

ಅವಳಿಗೆ ನಗು ಬಂತು. "ಇಷ್ಟು ಸಲ ಎಲ್ಲೆ? ತಿಂಗಳಿಗೊಮ್ಮೆ. ಎಲ್ಲಾರಿಗೂ ಹಂಗ ಅಲ್ಲೇನು? ನಿನಗ?"

"ನನಗ ಯಾವಾಗಾರ ಬರತೈತ್ರಿ. ಹೋದ ಸಲ ದಸರಾಕ್ಕ ಬಂದಿತ್ತು. ಅದರ ಹಿಂದ ಪಂಚಮಿಗೆ ಅಜ್ಜಿ ಮನಿಗೆ ಹೋದಾಗ."

ಅವಳ ಕೈಯಲ್ಲಿ ಬತ್ತಿ ಹಾಗೇ ನಿಂತಿತು. ನಗು ಹೋಗಿತ್ತು. ಬೇನೆ ಇದ್ದದ್ದು ನನ್ನ ಮೈಯಲ್ಲೇ ಎಂದು ನನಗೆ ಅರ್ಥವಾಯಿತು.

ನೀವು ನಂಬಲಿಕ್ಕಿಲ್ಲ. ಮದುವೆಯಾಗಿ ಇಷ್ಟು ವರ್ಷವಾಗಿದ್ದ ಹೆಂಗಸಿಗೆ ಅದು ತಿಂಗಳು ತಿಂಗಳು ಬರಬೇಕೆಂದು ಗೊತ್ತಿರಲಿಲ್ಲ. ಮೊದಲ ಸಲ ಆದಾಗ ಅಜ್ಜಿ ಆರತಿ ಮಾಡಿಸಿ, ಹೆದರಬೇಡ, ಬಟ್ಟೆ ಹೀಗೆ ಕಟ್ಟಿಕೋ, ಮತ್ತೆ ಬರುತ್ತದೆ ಎಂದಿದ್ದಳು. ಎಷ್ಟು ದಿನಕ್ಕೆ ಎಂದು ಅವಳು ಹೇಳಲಿಲ್ಲ, ಎಲ್ಲದಕ್ಕೂ ಪ್ರಶ್ನೆ ಕೇಳುವ ನಾನು ಅದೊಂದನ್ನು ಕೇಳಲಿಲ್ಲ. ಮಳೆಯ ಹಾಗೆ ಬಂದಾಗ ಬರುತ್ತದೆ ಎಂದುಕೊಂಡಿದ್ದೆ. ಶಾನುಭೋಗರ ಮನೆಯಲ್ಲಿ ಹುಟ್ಟಿದ್ದರೆ ಮೊದಲ ವರ್ಷವೇ ಇಡೀ ಕೇರಿಗೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ಹೊರಗೆ ಕೂರುವುದಿಲ್ಲವಾದ್ದರಿಂದ ಸೊಸೆ ಯಾವಾಗ ಆದಳು, ಯಾವಾಗ ಆಗಲಿಲ್ಲ ಎಂದು ಅತ್ತೆಗೆ ತಿಳಿಯುವ ದಾರಿಯೇ ಇರಲಿಲ್ಲ. ಆಕೆ ನನ್ನನ್ನೂ ತನ್ನ ಹಾಗೆಯೇ ಎಂದುಕೊಂಡು, ಜಾರಿಹೋಗುವ ಕೂಸನ್ನು ಹಿಡಿದು ನಿಲ್ಲಿಸಲು ತಂಪಿನ ಮೇಲೆ ತಂಪು ಸುರಿಯುತ್ತಿದ್ದಳು. ನನ್ನಲ್ಲಿ ಜಾರುವುದಕ್ಕೂ ಏನೂ ಇರಲಿಲ್ಲ.

ಅದರ ಮೇಲೆ ನನಗೆ ಹಿಡಿದ ಕುತೂಹಲ ಹುಚ್ಚೇ ಸರಿ. ಸಿಕ್ಕ ಹೆಂಗಸರನ್ನೆಲ್ಲ ಕೇಳಿದೆ. ಕಾಲುವೆಯಲ್ಲಿ ಬಟ್ಟೆ ಒಗೆಯುವವರನ್ನು, ಕಬ್ಬು ಕಡಿಯಲು ಬಂದವರನ್ನು, ಬೇರು ಮಾರುವವಳನ್ನು. ಕೆಲವರು ನಕ್ಕರು, ಒಬ್ಬಳು ಬೈದಳು. ಕಬ್ಬು ಕಡಿಯುವ ಹೆಂಗಸರು ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದರು. ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ತಿಂದು ಇಡೀ ದಿನ ಬಗ್ಗಿ ದುಡಿಯುವವರು. ಅವರಿಗೆಲ್ಲ ಗಡಿಯಾರ ಇಟ್ಟ ಹಾಗೆ ಬರುತ್ತಿತ್ತು. ನನ್ನಂತೆಯೇ ಇದ್ದವಳು ಪೇಟೆಯ ಒಬ್ಬ ಅಂಗಡಿಯವರ ಹೆಂಡತಿ, ನನ್ನಂತೆಯೇ ಗುಂಡಗೆ ಬೆಣ್ಣೆಮುದ್ದೆ. ಅವಳು ಗದ್ದವನ್ನು ಸೆರಗಿನಿಂದ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಇನ್ನೊಂದು ಸಂಗತಿ ತಲೆಯಲ್ಲಿ ಕೊರೆಯತೊಡಗಿತು. ಪಂಚಮಿಗೆಂದು ಸಂಡೂರಿಗೆ ಹೋಗಿ ಕೆಲವು ವಾರ ಉಳಿದಾಗೆಲ್ಲ ಅಲ್ಲಿ ತಪ್ಪದೆ ಆಗುತ್ತಿತ್ತು. ಅಜ್ಜಿಯ ಮನೆಯಲ್ಲಿ ಬೆಲ್ಲ ಹಬ್ಬಕ್ಕೆ ಮಾತ್ರ. ನೀರಿಗೆ ಗುಡ್ಡ ಇಳಿದು ಹತ್ತಬೇಕು.

ಈಗ ಇದಕ್ಕೆ ಡಾಕ್ಟರರು ಇಂಗ್ಲಿಷಿನಲ್ಲಿ ಉದ್ದದ ಹೆಸರು ಹೇಳುತ್ತಾರೆ, ಅಂಡಾಶಯದಲ್ಲಿ ನೀರುಗುಳ್ಳೆ ಅನ್ನುತ್ತಾರೆ, ಡಬ್ಬಿ ಡಬ್ಬಿ ಪುಡಿ, ಮಾತ್ರೆ ಮಾರುತ್ತಾರೆ. ಒಂದೆರಡು ಡಬ್ಬಿ ನಾನೂ ನೋಡಿದ್ದೇನೆ. ಒಂದರ ಮೇಲೆ ಆ ಹಲವು ಮಕ್ಕಳ ತಾಯಿ ಬೇರಿನ ಚಿತ್ರವೇ ಇತ್ತು. ಅಂದು ನನಗೆ ಇದ್ದದ್ದು ಒಂದು ಸಂಶಯ, ಮತ್ತು ಯುಗಾದಿಯ ತನಕ ಸಮಯ.

ಅತ್ತೆಗೆ ಹೇಳುವುದು ಸುಲಭವಿರಲಿಲ್ಲ. ಮೈಲಿಗೆಯಿಲ್ಲದ ಮನೆಯಲ್ಲಿ ಆ ಮಾತಿಗೆ ಶಬ್ದಗಳೇ ಇರಲಿಲ್ಲ. ಒಂದು ಮಧ್ಯಾಹ್ನ ಆಕೆ ನನ್ನ ಉಂಡಿಗಾಗಿ ಉತ್ತತ್ತಿಯ ಬೀಜ ಬಿಡಿಸುತ್ತ ಕೂತಿದ್ದಳು. ಎದುರಿಗೆ ಕೂತು ನಾನೂ ಒಂದು ಉತ್ತತ್ತಿ ಎತ್ತಿಕೊಂಡೆ.

"ಅತ್ತಿ, ನನಗ ತಿಂಗ್ಳಾ ಬರಂಗಿಲ್ರಿ. ವರ್ಷದಾಗ ಮೂರು ನಾಕು ಸಲ ಬಂದ್ರ ಭಾಳ."

ಆಕೆ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದಳು. ನೀವು ಕೇಳಲಿಲ್ಲ, ನನಗೆ ಗೊತ್ತಿರಲಿಲ್ಲ ಎಂದೆ. ಪಕ್ಕದ ಮನೆಯವಳ ಮಾತು, ಕಬ್ಬು ಕಡಿಯುವವರ ಮಾತು, ಸಂಡೂರಿನ ಸಂಗತಿ ಎಲ್ಲ ಹೇಳಿದೆ. ಆಕೆ ನನ್ನ ಕೈ ಎಳೆದುಕೊಂಡು ಆ ದೊಡ್ಡ ಅಳತೆಯ ಬಳೆಗಳನ್ನು ತಿರುಗಿಸಿ ನೋಡಿದಳು.

"ನಿಲ್ಲವಲ್ದು ಅಂತ ನಾ ತಂಪು ಹಾಕಿದೆ," ಎಂದಳು. "ಬರೋದ ಇಲ್ಲಂದ್ರ ಇನ್ನ ನಿಲ್ಲೋದೇನ?"

ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಆಕೆಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಇನ್ನೊಂದು ತಟ್ಟೆ ಪಾಯಸ ಕೊಟ್ಟಿದ್ದರೂ ಆ ಹೊತ್ತಿಗೆ ತಿಂದುಬಿಡುತ್ತಿದ್ದೆ. ಆದರೆ ಆಕೆ ಆ ಉತ್ತತ್ತಿಯನ್ನೆಲ್ಲ ಡಬ್ಬಿಗೆ ತುಂಬಿ ಅಟ್ಟದ ಮೇಲೆ ಇಟ್ಟಳು. ಮರುದಿನವೇ ಎಮ್ಮಿಗನೂರಿಗೆ ಹೋಗಿ ಅಣ್ಣನಿಗೆ ಮದುವೆಯ ಮಾತು ಮುಂದಿನ ಗಾಣದ ತನಕ ನಿಲ್ಲಲಿ ಎಂದು ಹೇಳಿ ಬಂದಳು. ಅಣ್ಣ ಒಪ್ಪಿದರಂತೆ, ಖುಷಿಯಿಂದಲ್ಲ. ಅದಕ್ಕಿಂತ ಮುಂದೆ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲಾರೆ ಎಂದರಂತೆ.

ಆ ಮೇಲೆ ನನ್ನ ಅತ್ತೆ ತಿನ್ನಿಸುವುದರಲ್ಲಿ ತೋರಿದ ಹಟವನ್ನು ತಿನ್ನಿಸದೆ ಇರುವುದರಲ್ಲಿ ತೋರಿದಳು. ಬೆಲ್ಲ ಮಾಡುವ ಮನೆಯಲ್ಲಿ ಸೊಸೆಗೆ ಬೆಲ್ಲವಿಲ್ಲ. ಸೊಸೆಯನ್ನು ಉಪವಾಸ ಕೆಡವಿ ಓಡಿಸುವ ಹಂಚಿಕೆ ಎಂದು ಕೇರಿಯಲ್ಲಿ ಆಡಿಕೊಂಡರು. ಅಜ್ಜಿ ಸಂಡೂರಿನಿಂದ ಬಂಡಿಯಲ್ಲಿ ನವಣೆಯ ಚೀಲ ಕಳಿಸಿದಳು. ಬೆಳಿಗ್ಗೆ ನೆನೆಸಿದ ಮೆಂತ್ಯ, ಊಟಕ್ಕೆ ಜೋಳದ ರೊಟ್ಟಿ, ನುಗ್ಗೆಸೊಪ್ಪು, ಅಗಸಿ ಚಟ್ನಿಪುಡಿ, ಒಂದು ಚಿಟಿಕೆ ಕರಿಎಳ್ಳು. ಬೇರಿನ ಪುಡಿಯನ್ನು ಮಾತ್ರ ಆಕೆ ಬಿಡಲಿಲ್ಲ. ಅಷ್ಟು ಒಳ್ಳೆಯ ಹೆಸರಿನ ಬೇರನ್ನು ಬಿಡಲು ಧೈರ್ಯ ಸಾಲದು ಎಂದಳು. ಗಾಣ ಮುಗಿಯುವ ತನಕ ಗಂಡನಿಗೆ ಬುತ್ತಿ ಒಯ್ಯುವ ಕೆಲಸ ನನ್ನದಾಯಿತು, ಮುಗಿದ ಮೇಲೂ ಹೊಲಕ್ಕೆ ನಡೆದು ಹೋಗುವುದು ನಿಲ್ಲಲಿಲ್ಲ.

ಉಡಿಯ ಪ್ರಶ್ನೆ ಬಂದದ್ದು ಪಕ್ಕದ ಬೀದಿಯ ಒಂದು ಕುಬಸದಲ್ಲಿ. ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವಾಗ ಬಂದ ಮುತ್ತೈದೆಯರಿಗೂ ಉಡಿ ತುಂಬುತ್ತಾರೆ. ನನ್ನ ಸೆರಗು ಹರಿಯುವಷ್ಟು ತುಂಬಿದರು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಕಾಲುವೆಯ ದಂಡೆಗೆ ತಿರುಗಿ, ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವರ ಮಕ್ಕಳನ್ನು ಕರೆದು, ನನ್ನ ಉಡಿಯನ್ನು ತನ್ನ ಕೈಯಾರೆ ಬಿಚ್ಚಿ ಹಂಚಿದಳು. ಹುಟ್ಟಿದಂದಿನಿಂದ ನಂಬಿದ್ದನ್ನು ಮುರಿಯುತ್ತಿದ್ದಳು, ಅದೂ ತನ್ನ ಮಗನ ಸಂತಾನದ ವಿಷಯದಲ್ಲಿ.

"ಫಲ ಹಂಚಿ ಹೋದ್ರ ಹೋಗ್ಲಿ ಬಿಡು," ಎಂದಳು. "ಇಷ್ಟು ವರ್ಷ ನೀ ಒಬ್ಬಾಕೀನ ತಿಂದು ಏನ್ ಬಂತು?"

ಆಡದೇ ಇದ್ದ ಮಾತನ್ನು ಆಡಲು ಶುರು ಮಾಡಿದ ಮೇಲೆ ಆಕೆಗೆ ಹಿಡಿತವೇ ಇರಲಿಲ್ಲ. ದಿನಾ ಬೆಳಿಗ್ಗೆ ಒಲೆಯ ಮುಂದಿನಿಂದ ಬಂತೇನು ಎಂದು ಕೂಗಿ ಕೇಳುವಳು. ನನ್ನ ಗಂಡ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದು ಹೋಗುವರು. ನನಗೆ ಒಳಗೊಳಗೇ ನಗು. ಬೇಸಿಗೆ ಹೋಗಿ ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ ಬಂತು. ಆಮೇಲೆ ಎಡವುತ್ತ ಎಡವುತ್ತ ಬರತೊಡಗಿತು. ಬಳೆಗಾರ ಈ ಸಲ ಸಣ್ಣ ಅಳತೆ ತೆಗೆದ. ಮೊದಲ ಸಲ ಬಂದ ದಿನ ಅತ್ತೆ ಹಬ್ಬ ಮಾಡುತ್ತೇನೆಂದು ಹೊರಟು, ಸಿಹಿ ಮಾಡುವಂತಿಲ್ಲವೆಂದು ನೆನಪಾಗಿ, ಎಳ್ಳು ಹಚ್ಚಿದ ರೊಟ್ಟಿ ಬಡಿದು ಕೊಟ್ಟಳು.

ದೀಪಾವಳಿ ಆಯಿತು. ಅದರ ಮುಂದಿನ ತಿಂಗಳು ಬರಲಿಲ್ಲ. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಬೇರೆ ಹೆಂಗಸರಿಗೆ ಬಾರದಿದ್ದರೆ ಅದು ಸಿಹಿ ಸುದ್ದಿ. ನನಗೆ ಬಾರದಿರುವುದೇ ಕಾಯಿಲೆ. ಇದು ಕೂಸೋ, ಹಳೆಯ ಪಾಡು ತಿರುಗಿ ಬಂತೋ ಎಂದು ಹೇಳುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಆಕೆ ಕೂಗಿ ಕೇಳುವುದನ್ನು ನಿಲ್ಲಿಸಿದಳು. ಆ ಮೌನಕ್ಕಿಂತ ಕೂಗೇ ಮೇಲಿತ್ತು. ನನಗೆ ಆಸೆ ಪಡಲಿಕ್ಕೂ ಹೆದರಿಕೆಯಾಗುತ್ತಿತ್ತು.

ಹಾಗೇ ಗಾಣ ಹೂಡುವ ದಿನ ಬಂತು. ಎಮ್ಮಿಗನೂರಿನ ಅಣ್ಣನೂ ಬಂದರು, ಮಾತು ಕೇಳಿಕೊಂಡು ಹೋಗಲಿಕ್ಕೆ. ಗಾಣದ ಹತ್ತಿರ ಗೋಣಿ ಹಾಸಿ ಕೂತಿದ್ದರು. ಅತ್ತೆ ಏನು ಹೇಳಬೇಕೆಂದು ತಿಳಿಯದೆ ಕರಿಕಬ್ಬೋ ಬಿಳಿಕಬ್ಬೋ, ಯಾವ ಹೊಲದ ಕಬ್ಬೋ ಎಂದು ಏನೇನೋ ಮಾತಾಡುತ್ತಿದ್ದಳು. ಕೊಪ್ಪರಿಗೆಯಲ್ಲಿ ವರ್ಷದ ಮೊದಲ ಪಾಕ ಕುದಿದು ವಾಸನೆ ಎದ್ದಿತು. ನಾನು ಬುತ್ತಿ ಇಳಿಸಿ, ಆ ನನ್ನ ಪ್ರಾಣದ ವಾಸನೆಯನ್ನು ಒಂದು ಸಲ ಒಳಗೆಳೆದುಕೊಂಡೆ. ಹೊಟ್ಟೆ ತೊಳಸಿ ಬಂತು. ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ಓಡಿ ವಾಂತಿ ಮಾಡಿಕೊಂಡೆ.

ಅತ್ತೆ ಎದ್ದು ಬಂದು ನನ್ನ ಬೆನ್ನು ಸವರಿದಳು, ಬಾಯಿ ಒರೆಸಿದಳು. ಆಮೇಲೆ ಅಲ್ಲಿಂದಲೇ ಅಣ್ಣನ ಕಡೆ ತಿರುಗಿದಳು.

"ಅಣ್ಣಾ, ಹುಡುಗಿಗೆ ಬ್ಯಾರೆ ಕಡೆ ಗಂಡು ನೋಡು."

ಬೇರಿನಿಂದ ಆಯಿತೋ, ಮೆಂತ್ಯದಿಂದಲೋ, ಬೆಲ್ಲ ಬಿಟ್ಟದ್ದರಿಂದಲೋ, ನಡೆದದ್ದರಿಂದಲೋ, ತಾನಾಗಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ಸಾಯುವ ತನಕ ಬೇರಿನಿಂದಲೇ ಎಂದಳು. ನಾನು ಎಷ್ಟು ಜಗಳಾಡಿದರೂ ಒಪ್ಪಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನನ್ನ ಕುಬಸವಾಯಿತು. ಎಮ್ಮಿಗನೂರಿನ ಆ ಹುಡುಗಿಯೂ ಬಂದಳು. ಅವಳಿಗೂ ಬೇರೆ ಕಡೆ ಗೊತ್ತಾಗಿತ್ತು, ಮಳೆಗಾಲ ಮುಗಿದ ಮೇಲೆ ಮದುವೆ. ಮೈ ಕೈ ತುಂಬಿಕೊಂಡು ದುಂಡಗೆ ಚೆಂದ ಕಾಣುತ್ತಿದ್ದಳು. ನನಗೆ ಅವಳನ್ನು ನೋಡಿ ಸಂಕೋಚ, ಅವಳಿಗೆ ಏನೂ ಇರಲಿಲ್ಲ, ಮೊದಲಿನ ಹಾಗೆಯೇ ಬೆನ್ನಿಗೆ ಅಂಟಿಕೊಂಡಳು. ಉಡಿ ತುಂಬುವ ಸರದಿ ಬಂದಾಗ ಅಕ್ಕಿ, ಕೊಬ್ಬರಿ ಹಾಕಿ, ಬೆಲ್ಲದ ಉಂಡೆ ಕೈಯಲ್ಲಿ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕ, ನಿನಗ ತಿಂಗ್ಳಾ ಬರ್ತಿರಲಿಲ್ಲಂತ ಅತ್ತಿ ನಮ್ಮವ್ವಗ ಹೇಳಿದ್ರಂತ," ಎಂದಳು. "ಅದು ತಿಂಗ್ಳಾ ಬರಬೇಕೇನು? ನನಗ ಸಂಕ್ರಾಂತಿಗೆ ಬಂದದ್ದು, ಇನ್ನೂ ಬಂದಿಲ್ಲ."

ನನ್ನ ಬದಲಿಗೆ ತರಬೇಕೆಂದಿದ್ದ ಹುಡುಗಿ ಇವಳೇ. ಬಂದಿದ್ದರೆ ಮರುದಿನ ಬೆಳಿಗ್ಗೆಯಿಂದಲೇ ಇವಳಿಗೂ ಕಲ್ಲುಸಕ್ಕರೆ ಹಾಲು, ಬಾಳೆಹಣ್ಣು ಶುರುವಾಗುತ್ತಿತ್ತು. ಕೆಲವು ವರ್ಷಕ್ಕೆ ಮೂರನೆಯವಳನ್ನು ಹುಡುಕುತ್ತಿದ್ದರು. ಅವಳ ಕೈಯಿಂದ ಬೆಲ್ಲ ತೆಗೆದು ಪಕ್ಕಕ್ಕಿಟ್ಟೆ. ಮುತ್ತೈದೆಯರೆಲ್ಲ ಕೂತು ನೋಡುತ್ತಿದ್ದರು. ಗದ್ದುಗೆಯಿಂದ ಬಸುರಿ ಏಳಬಾರದು ಎಂದು ಯಾರೋ ಅಂದರು. ನಾನು ಅವಳ ಕೈ ಹಿಡಿದುಕೊಂಡೇ ಎದ್ದು ಅಡುಗೆಮನೆಗೆ ಅತ್ತೆಯ ಹತ್ತಿರ ಹೋದೆ.